ಹಗೇವಿಗಿಳಿದ ಹಲ್ಲಿ

ನನ್ನ ನೌಕರಿ ಏನೆಂದು ಯಾರಾದರೂ ಕೇಳಿದರೆ, ಶಾಲೆ ಮುಚ್ಚಿಸುವುದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಆದರೆ ಅದು ಖರೆ. ಕಲಬುರಗಿಯ ತಾಪ ನಿಯಂತ್ರಣ ಕೊಠಡಿಯಲ್ಲಿ ಹನ್ನೆರಡು ಪರದೆಗಳ ಮುಂದೆ ಕೂತು, ಸಾವಿರದ ಮುನ್ನೂರು ಶಾಲೆಗಳ ಕೋಣೆಗಳು ಎಷ್ಟು ಕಾದಿವೆ ಎಂದು ನೋಡಬೇಕು. ಮಿತಿ ಮೀರಿದ ಕಡೆ ಮಕ್ಕಳನ್ನು ಮನೆಗೆ ಕಳಿಸುವ ಆದೇಶ ಹೊರಡಿಸಬೇಕು. ಹೆಸರು ಮಹಾನಂದಾ ಹರಸೂರ, ಹುದ್ದೆ ಹಿರಿಯ ತಾಪ ಅಧಿಕಾರಿ. ಸಿಟ್ಟು ಸ್ವಲ್ಪ ಜಾಸ್ತಿ. ಅದಕ್ಕೆ ಊರಿನ ಬಿಸಿಲು ಕಾರಣ ಅಂತ ನಾನು, ನಮ್ಮ ತವರುಮನೆ ಕಾರಣ ಅಂತ ನನ್ನ ಗಂಡ.

ಈ ಕೆಲಸ ಹುಟ್ಟಿದ್ದು ಒಳ್ಳೆಯ ಮನಸ್ಸಿನಿಂದಲೇ. ಎರಡು ಸಾವಿರದ ನಲವತ್ತೇಳನೇ ಇಸವಿಯ ಬೇಸಿಗೆಯಲ್ಲಿ ತಗಡಿನ ಶಾಲೆಗಳಲ್ಲಿ ಮಕ್ಕಳು ಕೂತಲ್ಲೇ ಕುಸಿದು ಬಿದ್ದಾಗ ನಾಡಿಗೆ ನಾಡೇ ಅತ್ತಿತು. ಅತ್ತ ಮೇಲೆ ಕಾನೂನು ಮಾಡಿತು. ಪ್ರತಿ ತರಗತಿಯ ಗೋಡೆಗೆ ಅಂಗೈ ಅಗಲದ ಒಂದು ಬೂದು ಪೆಟ್ಟಿಗೆ ಬಂತು. ಅದಕ್ಕೆ ಸರಕಾರ ಇಟ್ಟ ಹೆಸರು ಒಂದು ಗೇಣು ಉದ್ದ ಇದ್ದುದರಿಂದ ಮಕ್ಕಳು ಹಲ್ಲಿ ಎಂದು ಕರೆದರು, ಅದೇ ಉಳಿಯಿತು. ಹಲ್ಲಿಗೆ ಬೆರಳುದ್ದದ ಒಂದು ಬಾಲ. ಕೋಣೆಯ ಶಾಖ, ತೇವ, ಗಾಳಿಯಲ್ಲಿರುವ ಅನಿಲ ಎಲ್ಲವನ್ನೂ ಅಳೆಯುವುದು ಆ ಬಾಲವೇ. ಶಾಖ ಮೂವತ್ತೆಂಟು ಡಿಗ್ರಿ ದಾಟಿದರೆ ಹಲ್ಲಿಯ ಕಣ್ಣು ಕೆಂಪಾಗುತ್ತದೆ, ಶಾಲೆ ಬಿಡಬೇಕು. ಕಣ್ಣು ಹಸಿರಾಗಿದ್ದ ದಿನ ಮಾತ್ರ ಕಲಿಕೆಯ ದಿನ. ವರ್ಷಕ್ಕೆ ನೂರೈವತ್ತು ಕಲಿಕೆಯ ದಿನ ಆಗದ ಶಾಲೆಯ ಮಕ್ಕಳು ಹತ್ತನೇ ತರಗತಿಯ ಪರೀಕ್ಷೆಗೆ ಕೂಡುವಂತಿಲ್ಲ.

ಓದಲು ಎಷ್ಟು ಚೆಂದದ ಕಾನೂನು ನೋಡಿ! ನಗರದ ದೊಡ್ಡ ಶಾಲೆಗಳಲ್ಲಿ ಯಂತ್ರದ ತಂಪು, ವರ್ಷವಿಡೀ ಇಪ್ಪತ್ತೆರಡು ಡಿಗ್ರಿ. ಅವಕ್ಕೆ ಇನ್ನೂರ ಹದಿನೈದು ದಿನ ಸಲೀಸಾಗಿ ಆಗುತ್ತಿತ್ತು. ಹಳ್ಳಿಯ ತಗಡಿನ ಶಾಲೆಗಳಿಗೆ ನೂರ ಇಪ್ಪತ್ತು ಆದರೆ ಪುಣ್ಯ. ಜನ ಇದನ್ನು ತಣ್ಣನ ಸಾಲಿ, ಬಿಸಿ ಸಾಲಿ ಅಂತ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ನನ್ನ ಮಗಳು ಇಂಚರಾ ತಣ್ಣನ ಸಾಲಿಗೆ ಹೋಗುತ್ತಿದ್ದಳು. ನಾನು ಓದಿದ್ದು ಬಿಸಿ ಸಾಲಿಯಲ್ಲಿ, ಆದರೆ ಆಗಿನ ಬಿಸಿ ಇಷ್ಟು ಬಿಸಿ ಇರಲಿಲ್ಲ.

ಫೆಬ್ರವರಿಯ ಒಂದು ಬೆಳಗ್ಗೆ ನನ್ನ ಗಂಡ ಚನ್ನವೀರ ರೊಟ್ಟಿ ಬಡಿಯುತ್ತಿದ್ದರು. ಇಂಚರಾ ಪುಂಡಿಪಲ್ಯ ನೆಕ್ಕುತ್ತ ಕೇಳಿದಳು:

"ಅವ್ವಾ, ನಿನ್ನೆ ಎಷ್ಟು ಸಾಲಿ ಮುಚ್ಚಿದಿ?"

"ಮುನ್ನೂರ ಹನ್ನೆರಡು."

"ಆ ಹುಡುಗ್ರೆಲ್ಲಾ ಎಲ್ಲಿ ಹೋಗ್ತಾರ?"

"ಎಲ್ಲಿ ಹೋಗ್ತಾರ? ಅವರವರ ಮನಿಗೆ."

"ಮನಿ ತಂಪ ಇರ್ತಾವೇನು?"

"ಸುಮ್ಮ ಉಣ್ಣು, ಬಸ್ಸಿಗೆ ಹೊತ್ತಾತು," ಎಂದೆ. ಹದಿಮೂರು ವರ್ಷದ ಹುಡುಗಿಗೆ ಉತ್ತರ ಗೊತ್ತಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಗಿತ್ತು. ನಾಲ್ಕು ವರ್ಷದಿಂದ ಶಾಲೆ ಮುಚ್ಚಿಸುವ ಅದೇ ಗುಂಡಿ ಒತ್ತುತ್ತಿದ್ದೆ, ಒಮ್ಮೆಯೂ ಈ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ.

ಅದೇ ತಿಂಗಳು ಪರದೆಯ ಮೇಲೆ ಒಂದು ಸೋಜಿಗ ಕಾಣಿಸಿತು. ಮುದಕಣಗಿ ಎಂಬ ಊರು. ಸೌರ ವಿದ್ಯುತ್ ತಟ್ಟೆಗಳ ದೊಡ್ಡ ಹೊಲದ ಪಕ್ಕದಲ್ಲೊಂದು ಪ್ರೌಢಶಾಲೆ, ತಗಡಿನ ಒಂದೇ ದೊಡ್ಡ ಹಾಲ್, ನಲವತ್ಮೂರು ಮಕ್ಕಳು. ಜನವರಿ ಮುಗಿದಾಗ ಅದರ ಕಲಿಕೆಯ ದಿನ ನೂರ ಇಪ್ಪತ್ತೊಂದು. ಸುತ್ತಲಿನ ಶಾಲೆಗಳೆಲ್ಲ ಕೆಂಪಾಗಿ ಮುಚ್ಚುತ್ತಿದ್ದರೆ ಇದೊಂದು ಮಾತ್ರ ದಿನಾಲೂ ಹಸಿರು. ಹೊರಗೆ ನಲವತ್ತೆರಡು, ಒಳಗೆ ಇಪ್ಪತ್ತೊಂಬತ್ತು!

"ನೋಡ್ರಿ ಮಹಾನಂದಾ, ಮಾದರಿ ಸಾಲಿ ಅಂದ್ರ ಇದು," ಎಂದು ನಮ್ಮ ಮೇಲಧಿಕಾರಿ ಘಾಳೆ ಸಾಹೇಬರು ಹಿಗ್ಗಿದರು. "ಪ್ರಶಸ್ತಿಗೆ ಹೆಸರು ಕಳಸೋಣು."

ನನಗೆ ಅನುಮಾನ ಬಂದಿತ್ತು. ತಗಡಿನ ಕೆಳಗೆ ಇಪ್ಪತ್ತೊಂಬತ್ತು ಅಂದರೆ ಕೆಂಡದ ಮೇಲೆ ಬೆಣ್ಣೆ ಇಟ್ಟರೂ ಕರಗಲಿಲ್ಲ ಎಂದ ಹಾಗೆ. ಆದರೆ ಮುಚ್ಚಲು ಒಂದು ಶಾಲೆ ಕಮ್ಮಿಯಾಯಿತಲ್ಲ ಎಂದು ಸುಮ್ಮನಿದ್ದೆ. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ನಾವು ಸರಕಾರಿ ನೌಕರರು ಪಳಗಿದವರು.

ಶಿವರಾತ್ರಿಯ ರಜೆ, ಅದರ ಬೆನ್ನಿಗೆ ಭಾನುವಾರ ಕಳೆದು ಸೋಮವಾರ ಬಂತು. ರಜೆಯಲ್ಲಿ ಮಲಗಿರುವ ಹಲ್ಲಿಗಳು ಬೆಳಗ್ಗೆ ಒಂಬತ್ತಕ್ಕೆ ಎಚ್ಚರಗೊಳ್ಳುತ್ತವೆ. ಒಂಬತ್ತು ಗಂಟೆ ಒಂದು ನಿಮಿಷಕ್ಕೆ ನಮ್ಮ ಕೊಠಡಿಯಲ್ಲಿ ಹಿಂದೆಂದೂ ಕೇಳದ ಸೈರನ್ ಕೂಗಿತು. ಮುದಕಣಗಿ. ಶಾಖ ಇಪ್ಪತ್ತೆಂಟು, ಚೆನ್ನಾಗಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಒಂಬತ್ತು ಪಾಲು!

ನಾವು ಉಸಿರಾಡುವ ಗಾಳಿಯಲ್ಲಿ ಅದು ಸಾವಿರಕ್ಕೆ ಅರ್ಧ ಪಾಲೂ ಇರುವುದಿಲ್ಲ. ನೂರಕ್ಕೆ ಒಂಬತ್ತು ಇದ್ದ ಕಡೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ. ನಲವತ್ಮೂರು ಮಕ್ಕಳು! ಮುಖ್ಯೋಪಾಧ್ಯಾಯ ದೇವಿಂದ್ರಪ್ಪ ಮಾಸ್ತರರ ಫೋನಿಗೆ ಏಳು ಸಲ ಕರೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮೂರು ಆಂಬುಲೆನ್ಸ್ ಹೊರಟವು. ಮೊದಲನೆಯದರಲ್ಲಿ ನಾನೇ ಹತ್ತಿ ಕೂತೆ. ಚಪ್ಪಲಿ ಮೇಜಿನ ಕೆಳಗೇ ಉಳಿದಿತ್ತು, ದಾರಿಯಲ್ಲಿ ಗೊತ್ತಾಯಿತು. ಐವತ್ತು ನಿಮಿಷದ ದಾರಿಯುದ್ದಕ್ಕೂ ಆ ಹಸಿರು ಅಂಕಿಗಳನ್ನು ನೋಡಿಯೂ ಸುಮ್ಮನಿದ್ದ ನನ್ನನ್ನು ನಾನೇ ಬೈದುಕೊಂಡೆ, ನಮ್ಮೂರ ದೈವ ಶರಣಬಸಪ್ಪನಿಗೆ ಕೈ ಮುಗಿದೆ.

ಶಾಲೆ ಮುಟ್ಟಿ ಬಾಗಿಲು ದೂಡಿ ಒಳಗೆ ನುಗ್ಗಿದರೆ ನಲವತ್ಮೂರು ಮಕ್ಕಳು ಎದ್ದು ನಿಂತು ಒಂದೇ ದನಿಯಲ್ಲಿ, "ನಮಸ್ಕಾರ್ರೀ ಬಾಯಾರ!" ಎಂದವು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಕೂಡಲೇ ಸಿಟ್ಟು ಬಂತು. ಕೋಣೆ ಒಲೆಯಂತೆ ಕಾದಿತ್ತು. ಬೆಳಗ್ಗೆ ಹತ್ತಕ್ಕೇ ಮೂವತ್ತೆಂಟು ದಾಟಿರಬೇಕು. ಗೋಡೆಯ ಮೇಲೆ ಹಲ್ಲಿ ಇತ್ತು, ಬಾಲ ಇರಲಿಲ್ಲ. ಬಾಲವಿರಬೇಕಾದ ಜಾಗದಿಂದ ಒಂದು ಕರಿ ವೈರು ಕಿಟಕಿ ದಾಟಿ ಅಂಗಳಕ್ಕೆ ಹೋಗಿತ್ತು. ವೈರಿನ ಹಿಂದೆಯೇ ನಡೆದೆ. ಅದು ಅಂಗಳದ ಮೂಲೆಯ ಒಂದು ಶಹಾಬಾದಿ ಕಲ್ಲಿನ ಕೆಳಗೆ ಮಾಯವಾಗಿತ್ತು. ಕಲ್ಲಿನ ಸುತ್ತ ಹಸಿಮಣ್ಣು ಮೆತ್ತಿ ಮುಚ್ಚಿದ್ದರು.

ನೋಡಿದ ಕೂಡಲೇ ಗೊತ್ತಾಯಿತು. ಹಗೇವು! ಜೋಳ ತುಂಬಿಡಲು ಹಿಂದಿನವರು ತೋಡಿದ ಆಳದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಒಂದು ಕೋಣೆಯಷ್ಟು ಜಾಗ. ಮೇಲೆ ಬೆಂಕಿ ಸುರಿದರೂ ಎರಡಾಳುದ್ದ ಕೆಳಗೆ ನೆಲದ ತಂಪು ಹೆಚ್ಚುಕಮ್ಮಿ ಆಗುವುದಿಲ್ಲ. ಒಳಗಿನ ಜೋಳದ ಕಾಳೂ ನಮ್ಮಂತೆ ಉಸಿರಾಡುತ್ತದೆ. ಬಾಯಿ ಮುಚ್ಚಿಟ್ಟರೆ ಆ ಉಸಿರು ಅಲ್ಲೇ ತುಂಬಿ ವಿಷವಾಗುತ್ತದೆ. ಅದಕ್ಕೇ ನಮ್ಮ ಕಡೆ ಹಗೇವಿನ ಬಾಯಿ ತೆಗೆದು ಅರ್ಧ ದಿನ ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು.

ಮಾಸ್ತರರು ಹಿಂದೆ ಬಂದು ನಿಂತಿದ್ದರು. ಒಣಕಲು ದೇಹ, ಐವತ್ತೈದರ ವಯಸ್ಸು. ಅವರ ಫೋನು ಪಾಠದ ಹೊತ್ತಿನಲ್ಲಿ ತಗಡಿನ ಪೆಟ್ಟಿಗೆಯೊಳಗೆ ಇರುತ್ತಿತ್ತಂತೆ. ಅವರ ಪಕ್ಕದಲ್ಲಿ ಬಿಸಿಯೂಟದ ಸಾಬಮ್ಮ, ಕೈಯಲ್ಲಿ ಸೌಟು.

"ಈ ತಿಂಗಳು ಹುಟ್ಟಿದಾಗಿಂದ ದಿನಾ ಮುಂಜಾನಿ ಕಲ್ಲು ತೆಗದು ಗಾಳಿ ಆಡಿಸಿ ಬಾಲ ಇಳಿಬಿಡ್ತಿದ್ದಿವ್ರಿ," ಎಂದರು ಮಾಸ್ತರರು. "ಶಿವರಾತ್ರಿ ಗಡಬಡದಾಗ ಬಾಲ ಮ್ಯಾಲೆ ತೆಗೀಲಿಲ್ಲ. ಸಾಬಮ್ಮ ನೋಡ್ಲಾರದೆ ಮಣ್ಣು ಮೆತ್ತ್ಯಾಳ."

"ಕಾಳಿಗೆ ಹುಳ ಹತ್ತಬಾರದಂತ ಮೆತ್ತೀನ್ರಿ," ಎಂದಳು ಸಾಬಮ್ಮ. "ಆ ಹಲ್ಲಿಗೆ ಮೂಗೂ ಅದ ಅಂತ ನನಗೇನ್ ಗೊತ್ರೀ?"

ಹಿಂದೆ ನಿಂತಿದ್ದ ಡ್ರೈವರ್ ನಕ್ಕುಬಿಟ್ಟ. ಹಲ್ಲಿ ಲೊಚಗುಟ್ಟಿದರೆ ಮಾತು ಸತ್ಯ ಅಂತಾರೆ, ನಮ್ಮ ಹಲ್ಲಿ ಹದಿನಾರು ದಿನ ಜಿಲ್ಲೆಗೇ ಸುಳ್ಳು ಹೇಳಿತ್ತು. ನನಗೆ ನಗು ಬರಲಿಲ್ಲ.

"ಮಾಸ್ತರ್ರೇ, ಇಂಥಾ ಉರಿಯೊಳಗ ಮಕ್ಕಳನ್ನ ಕೂಡಿಸೀರಿ! ಒಂದು ಹುಡುಗ ಬಿದ್ದು ಸತ್ತಿದ್ರ ಏನ್ ಮಾಡ್ತಿದ್ರಿ?"

"ತಪ್ಪು ಮಾಡೀನ್ರಿ. ಇಲ್ಲಂತ ಅನ್ನಂಗಿಲ್ಲ. ಆದ್ರ ಮೇಡಂ, ನೀವು ಸಾಲಿ ಮುಚ್ಚಿದ ಮ್ಯಾಲ ಈ ಹುಡುಗ್ರು ಎಲ್ಲಿ ಹೋಗ್ತಾರ ಅಂತ ನಿಮಗ ಗೊತ್ತದ ಏನು?"

ಮಗಳು ಕೇಳಿದ ಪ್ರಶ್ನೆಯೇ. ಅವರು ಒಳಗೆ ಹೋಗಿ ಹತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕರೆತಂದರು. ತಾಯಮ್ಮ, ಹದಿನೈದು ವರ್ಷ. ಎರಡು ಜಡೆ ಮಡಚಿ ಕಟ್ಟಿದ್ದಳು, ಕುತ್ತಿಗೆಯ ಹಿಂಭಾಗ ಬಿಸಿಲಿಗೆ ಸುಟ್ಟು ಸಿಪ್ಪೆಯೆದ್ದಿತ್ತು.

"ಸಾಲಿ ಬಿಟ್ಟ ದಿನ ಏನ್ ಮಾಡ್ತಿಯವ್ವಾ?" ಎಂದೆ.

"ಅವ್ವನ ಸಂಗಟ ಪ್ಲೇಟು ತೊಳೀಲಾಕ ಹೋಗ್ತೀನ್ರಿ." ಅವಳು ಬೇಲಿಯಾಚೆ ಕಣ್ಣು ಮುಟ್ಟುವವರೆಗೆ ಹೊಳೆಯುತ್ತಿದ್ದ ಸೌರ ತಟ್ಟೆಗಳನ್ನು ತೋರಿಸಿದಳು.

"ಅಲ್ಲಿ ನೆರಳದ ಏನು?"

"ಬಿಸಿಲು ಇದ್ದಲ್ಲೇ ಪ್ಲೇಟು ಇಡ್ತಾರಲ್ರೀ."

ಪ್ರಶ್ನೆ ಕೇಳಿದ್ದು ನಾನು, ಎಂಜಿನಿಯರಿಂಗ್ ಓದಿದವಳು! ಆ ತಟ್ಟೆಗಳ ವಿದ್ಯುತ್ತು ಶಾಲೆಯ ತಗಡಿನ ಮೇಲಿಂದಲೇ ದೊಡ್ಡ ತಂತಿಗಳಲ್ಲಿ ನಗರಕ್ಕೆ ಹೋಗುತ್ತಿತ್ತು. ಮಧ್ಯಾಹ್ನ ನಗರದ ತಂಪಿನ ಯಂತ್ರಗಳಿಗೇ ಅದೆಲ್ಲ ಬೇಕಾದ್ದರಿಂದ ಮುದಕಣಗಿಯ ಫ್ಯಾನುಗಳು ಆ ಹೊತ್ತಿಗೆ ನಿಂತಿರುತ್ತಿದ್ದವು.

"ಬಿಸಿಲು ನಮ್ಮದು, ತಂಪು ನಿಮ್ಮದು," ಎಂದಳು ಸಾಬಮ್ಮ. "ಈ ಊರಾಗ ಮೂರೇ ಮೋಟರ್ ಸೈಕಲ್ ಅವ. ಭೂಮಿ ಕಾಯಿಸಿದೋರು ಯಾರೋ, ಸಾಲಿ ಮುಚ್ಚೋದು ನಮ್ಮದು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ."

ತಾಯಮ್ಮನ ಸಂಗತಿಯನ್ನು ಮಾಸ್ತರರೇ ಹೇಳಿದರು. ಈ ವರ್ಷ ಪರೀಕ್ಷೆಗೆ ಕೂಡದಿದ್ದರೆ ತಾಯಿ ಅವಳ ಹೆಸರನ್ನು ತಟ್ಟೆ ತೊಳೆಯುವ ಕಾಯಂ ಕೆಲಸಕ್ಕೆ ಬರೆಸುವವಳಿದ್ದಳು. ಒಮ್ಮೆ ಹೆಸರು ಬರೆಸಿದ ಹುಡುಗಿಯರು ಯಾರೂ ಶಾಲೆಗೆ ತಿರುಗಿ ಬಂದಿರಲಿಲ್ಲ. ಅವಳಿಗೆ ಡಿಪ್ಲೊಮಾ ಮಾಡುವ ಆಸೆ.

"ಮಾಡಿ?" ಎಂದೆ.

"ಪ್ಲೇಟು ತೊಳೆಯೋದು ಗೊತ್ತದರಿ. ನಡಸೋದು ಕಲೀಬೇಕು," ಎಂದಳು ತಾಯಮ್ಮ.

ಅವಳನ್ನೂ ಸೇರಿಸಿ ಹತ್ತನೇ ತರಗತಿಯ ಅಂಥವರು ಆ ಹಾಲಿನಲ್ಲಿ ಒಂಬತ್ತು ಜನ ಇದ್ದರು.

ಮರುದಿನ ಮೂರು ಹೊಸ ಬಾಲಗಳನ್ನು ತೆಗೆದುಕೊಂಡು ಮತ್ತೆ ಹೋದೆ, ಚಪ್ಪಲಿ ಹಾಕಿಕೊಂಡೇ ಹೋದೆ. ಒಂದನ್ನು ತರಗತಿಯ ಗೋಡೆಗೆ ಹಾಕಿದೆ, ಒಂದನ್ನು ತಾಯಮ್ಮನ ಮನೆಯಲ್ಲಿ, ಒಂದನ್ನು ತಟ್ಟೆಗಳ ನಡುವೆ. ಮಧ್ಯಾಹ್ನ ಒಂದಕ್ಕೆ ತರಗತಿ ನಲವತ್ತು. ತಗಡಿನ ಮನೆ ನಲವತ್ತೆರಡೂವರೆ. ತಟ್ಟೆಗಳ ನಡುವೆ ನಲವತ್ತೇಳು. ನಾಲ್ಕು ವರ್ಷ ನಾನು ಮಕ್ಕಳನ್ನು ಉಳಿಸುತ್ತಿದ್ದೇನೆ ಎಂದುಕೊಂಡು ನಲವತ್ತರಿಂದ ನಲವತ್ತೇಳಕ್ಕೆ ಕಳಿಸುತ್ತಿದ್ದೆ.

ವರದಿ ಬರೆಯಲು ಎರಡು ದಾರಿ ಇತ್ತು. ಬಾಲ ಕೆಟ್ಟಿದೆ ಎಂದು ಬರೆದರೆ ಹದಿನಾರು ಸುಳ್ಳು ದಿನಗಳು ಉಳಿಯುತ್ತಿದ್ದವು, ಮಾಸ್ತರರ ನೌಕರಿಯೂ ಉಳಿಯುತ್ತಿತ್ತು. ಆದರೆ ಸುಳ್ಳನ್ನು ಉಳಿಸಿದರೆ ಆ ಕೋಣೆ ಹಾಗೇ ಕಾಯುತ್ತಿರುತ್ತದೆ, ಮುಂದಿನ ವರ್ಷ ಯಾವುದೋ ಮಗು ನಿಜವಾಗಿ ಬೀಳುತ್ತದೆ. ಮನೆಯಲ್ಲಿ ಕೂತು ಮೊದಲ ಪುಟದಲ್ಲಿ ನಡೆದದ್ದನ್ನೆಲ್ಲ ಬರೆದೆ. ಎರಡನೇ ಪುಟದಲ್ಲಿ ಆ ಮೂರು ಅಂಕಿ ಬರೆದು, ಮುಚ್ಚುವ ಮೊದಲು ಮಗು ಎಲ್ಲಿಗೆ ಹೋಗುತ್ತದೆ ಎಂದು ನೋಡುವ ನಿಯಮ ಬೇಕು, ಹತ್ತಿರದ ವಿದ್ಯುತ್ತು ಮೊದಲು ಹತ್ತಿರದ ಶಾಲೆಗೆ ಸಿಗಬೇಕು ಎಂದು ಬರೆದೆ. ಇಂಚರಾ ಭುಜದ ಮೇಲಿಂದ ಬಗ್ಗಿ ಓದಿದಳು.

"ಅವ್ವಾ, ಆ ತಾಯಮ್ಮ ಪರೀಕ್ಷಾಕ್ಕ ಕೂಡ್ತಾಳೋ ಇಲ್ಲೋ?"

"ಗೊತ್ತಿಲ್ಲ ಕೂಸೇ," ಎಂದೆ. ಈ ಸಲ ಹೇಳಲು ನಾಚಿಕೆಯಾಗಲಿಲ್ಲ, ಸಂಕಟವಾಯಿತು.

ಘಾಳೆ ಸಾಹೇಬರು ವರದಿ ಓದಿ ಕನ್ನಡಕ ತೆಗೆದಿಟ್ಟರು. "ಇದು ಮ್ಯಾಲ ಹೋದ್ರ ನಿಮ್ಮ ತಲೀನೂ ಹೋಗ್ತದ, ನನ್ನ ತಲೀನೂ ಹೋಗ್ತದ. ಪ್ರಶಸ್ತಿಗೆ ಹೆಸರು ಬರದಿಟ್ಟೀನಲ್ರೀ ತಾಯಿ!" ಎಂದು ಹಣೆ ಚಚ್ಚಿಕೊಂಡರು. ಆದರೂ ಅರ್ಧ ಗಂಟೆ ಗೊಣಗಿ ಸಹಿ ಹಾಕಿದರು. ಅವರೂ ಬಿಸಿ ಸಾಲಿಯವರೇ.

ಶುಕ್ರವಾರ ಉತ್ತರ ಬಂತು. ಹದಿನಾರು ದಿನ ರದ್ದು. ಮಾಸ್ತರರಿಗೆ ನೋಟಿಸು, ವಿಚಾರಣೆ ಪರೀಕ್ಷೆಯ ನಂತರ. ಇನ್ನು ಮೇಲೆ ಬಾಲ ಗೋಡೆಯ ಮೇಲೇ ಇದ್ದು ಹಸಿರಾದ ದಿನಗಳಷ್ಟೇ ಲೆಕ್ಕಕ್ಕೆ. ಎರಡನೇ ಪುಟದ ಬಗ್ಗೆ ಒಂದಕ್ಷರ ಇರಲಿಲ್ಲ. ಕ್ಯಾಲೆಂಡರ್ ನೋಡಿದೆ. ನೂರೈವತ್ತಕ್ಕೆ ಬೇಕಾದದ್ದು ಇಪ್ಪತ್ತೊಂಬತ್ತು ದಿನ. ಪರೀಕ್ಷೆಗೆ ಮುಂಚೆ ಉಳಿದ ಶಾಲಾ ದಿನಗಳೂ ಸೋಮವಾರದಿಂದ ಎಣಿಸಿದರೆ ಇಪ್ಪತ್ತೊಂಬತ್ತೇ. ಒಂದೇ ಒಂದು ದಿನ ಕೆಂಪಾದರೆ ಒಂಬತ್ತೂ ಮಕ್ಕಳ ಕತೆ ಮುಗಿದಂತೆ.

ಆದೇಶವನ್ನು ಓದಿ ಹೇಳಲು ಮುದಕಣಗಿಗೆ ನಾನೇ ಹೋದೆ. ಮಾಸ್ತರರು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತರು. ಸಾಬಮ್ಮ ಮಾತ್ರ ಸೌಟು ಝಾಡಿಸಿದಳು.

"ನಾ ಅವತ್ತೇ ಅಂದಿದ್ದೆ ಈ ಮಾಸ್ತರಗ. ಹಗೇವಿನ ತಂಪು ಹೊರಗ ತರಬೇಕೋ, ಹಲ್ಲೀನ ಒಳಗ ಬಿಡಬೇಕೋ? ಓದಿದೋರ ಬುದ್ಧಿ ನೋಡ್ರಿ!"

ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ನೆಲದಡಿಯ ಕೊಳವೆಯಲ್ಲಿ ಗಾಳಿ ಹಾಯಿಸಿ ತಂಪು ಮಾಡುವ ಪಾಠ ನಾನೇ ಕಾಲೇಜಿನಲ್ಲಿ ಓದಿದ್ದೆ. ಕೊಳವೆ ಹೂಳಲು ಆಳದ ಕಂದಕ ತೋಡಬೇಕು, ಅದು ಹಳ್ಳಿಗೆ ಎಟುಕುವುದಿಲ್ಲ ಎಂದು ಆ ಪುಟವನ್ನೇ ಮರೆತಿದ್ದೆ. ಇಲ್ಲಿ ಮುತ್ತಜ್ಜರು ಎಂದೋ ತೋಡಿಟ್ಟಿದ್ದರು.

"ಇಂಥಾ ಹಗೇವು ಎಷ್ಟು ಅವ ಇಲ್ಲಿ?"

"ಈ ಅಂಗಳ ಮೊದಲು ಕಣ ಇತ್ರಿ. ಜೋಳ ಇದ್ದದ್ದು ಒಂದು. ಖಾಲಿ ಬಿದ್ದಾವು ಮೂರು," ಎಂದಳು.

ಶನಿವಾರ ನಸುಕಿನಿಂದ ಕೆಲಸ ಸುರುವಾಯಿತು. ಸಾಬಮ್ಮ ಮೂರೂ ಬಾಯಿ ತೆಗೆಸಿ, ದೀಪ ಇಳಿಬಿಟ್ಟು ನೋಡಿ, ಸೆರಗು ಕಟ್ಟಿ ತಾನೇ ಮೊದಲು ಇಳಿದಳು. ಹಳೆಯ ಹುಲ್ಲು, ಹುಡಿ, ಹಾವಿನ ಪೊರೆ ಎಲ್ಲ ಹೊರಬಂತು. ಗೋಡೆಗೆ ಸುಣ್ಣ ಬಳಿದರು. ಒಂದರಿಂದ ಒಂದಕ್ಕೆ ಹಳೆಯ ಬೋರ್‌ವೆಲ್ ಕೇಸಿಂಗ್ ಪೈಪು ಕೂಡಿಸಿದೆವು. ಮೊದಲನೆಯ ಹಗೇವಿನ ಬಾಯಿಯಿಂದ ಹೊರಗಿನ ಗಾಳಿ ಇಳಿದು, ಮೂರನ್ನೂ ಸುತ್ತಿ, ಕೊನೆಯದರಿಂದ ಹಾಲಿನ ನೆಲದ ಹತ್ತಿರ ಬೀಳಬೇಕು. ಕಾದ ಗಾಳಿ ಮೇಲೇರಿ ಸೂರಿನ ಕಿಂಡಿಯಿಂದ ಆಚೆ ಹೋಗಬೇಕು. ತಗಡಿನ ಮೇಲೆ ಜೋಳದ ಒಣದಂಟಿನ ಕಣಿಕೆ ದಪ್ಪಗೆ ಹಾಸಿದರು. ಎಲ್ಲ ಆಯಿತು, ಗಾಳಿ ನೂಕಲು ಮಧ್ಯಾಹ್ನದ ಕರೆಂಟಿಲ್ಲವಲ್ಲ? ತಾಯಮ್ಮನ ಅವ್ವ ಮತ್ತು ತಟ್ಟೆ ತೊಳೆಯುವ ಹೆಂಗಸರು ಸೌರ ಹೊಲದ ಮೇಲ್ವಿಚಾರಕನ ಮುಂದೆ ಹೋಗಿ ಕೂತರು. "ಆರು ವರ್ಷ ತೊಳದೀವಿ. ಬಿಸಾಡಿದ ನಾಕು ಒಡಕು ಪ್ಲೇಟು ಕೊಡಂಗಿಲ್ಲೇನೋ ಎಪ್ಪಾ?" ಅವನು ಆರು ಕೊಟ್ಟು ಕಳಿಸಿದ. ಒಡಕಾದರೂ ಫ್ಯಾನು ತಿರುಗಿಸುವಷ್ಟು ಕಸುವು ಅವಕ್ಕಿತ್ತು. ಭಾನುವಾರ ಇಂಚರಾಳನ್ನೂ ಕರೆದೊಯ್ದಿದ್ದೆ. ಅವಳು ತಾಯಮ್ಮನ ಜೊತೆ ಕಣಿಕೆ ಹೊತ್ತು, ಸಂಜೆಯ ಹೊತ್ತಿಗೆ ಮೂಗು ತುಂಬ ಧೂಳು ಮಾಡಿಕೊಂಡು ಕಾರಿನಲ್ಲಿ ನಿದ್ದೆ ಹೋದಳು.

ಸೋಮವಾರ ಪರದೆಯ ಮುಂದೆ ಕೂತೆ. ಮಧ್ಯಾಹ್ನ ಎರಡಕ್ಕೆ ಮುದಕಣಗಿ ಮೂವತ್ತಾರೂವರೆ. ಹಸಿರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಕೊಠಡಿಯವರೆಲ್ಲ ನನ್ನತ್ತ ನೋಡಿದರು. ಇನ್ನು ಇಪ್ಪತ್ತೆಂಟು.

ಆಮೇಲಿನ ಐದು ವಾರದಲ್ಲಿ ನನ್ನ ಆಯುಷ್ಯ ಐದು ವರ್ಷ ಕಮ್ಮಿಯಾಗಿರಬೇಕು. ಮಾರ್ಚ್ ಕೊನೆಗೆ ಹೊರಗೆ ನಲವತ್ತಾರು ಮುಟ್ಟಿದ ದಿನ ಅಂಕಿ ಮೂವತ್ತೇಳೂವರೆಗೆ ಏರಿತು. ಆಮೇಲೆ ಪಾಯಿಂಟ್ ಏಳು. ಎಂಟು. ಮೂವತ್ತೇಳು ಪಾಯಿಂಟ್ ಒಂಬತ್ತು. ಬೆರಳು ಕಚ್ಚಿಕೊಂಡು ಫೋನು ಮಾಡಿದೆ. ಮಾಸ್ತರರು ಈಗ ಫೋನನ್ನು ಪೆಟ್ಟಿಗೆಯಲ್ಲಿ ಇಡುತ್ತಿರಲಿಲ್ಲ.

"ಹಗೇವಿನ ಬಾಯಿಗೆ ಗೋಣಿ ತಟ್ಟು ಕಟ್ಟಿ ನೀರು ಹೊಡೀರಿ! ಗಾಳಿ ಹಸಿ ತಟ್ಟಿನೊಳಗಿಂದ ಇಳೀಬೇಕು!"

"ಸಾಬಮ್ಮ ಆಗಲೇ ಹೊಡೀಲಾಕತ್ತಾಳ್ರಿ. ಊರಾಗಿನ ಹೆಣ್ಮಕ್ಕಳು ಕುಡಿಯೋ ನೀರಿನ ಕೊಡ ತಂದು ಸುರೀಲಾಕತ್ತಾರ."

ಹನ್ನೊಂದು ನಿಮಿಷ ಆ ಒಂಬತ್ತು ಅಲ್ಲೇ ನಿಂತಿತ್ತು. ಆಮೇಲೆ ಎಂಟು. ಆಮೇಲೆ ಆರು. ಘಾಳೆ ಸಾಹೇಬರು ನನ್ನ ಕುರ್ಚಿಯ ಹಿಂದೆ ನಿಂತು, "ಇಳೀತು, ಇಳೀತು," ಎಂದು ಪಿಸುಗುಟ್ಟುತ್ತಿದ್ದರು.

ಏಪ್ರಿಲ್ ಮೊದಲ ವಾರ ನೂರೈವತ್ತನೇ ದಿನ ಹಸಿರಾಗಿ ಮುಗಿಯಿತು. ಅಷ್ಟರಲ್ಲಿ ಸುತ್ತಲಿನ ಹನ್ನೊಂದು ಊರುಗಳಿಂದ ಸಾಬಮ್ಮನಿಗೆ ಕರೆ ಬಂದಿತ್ತು, ನಮ್ಮೂರಾಗೂ ಹಳೆ ಹಗೇವು ಅವ, ಬಂದು ನೋಡವ್ವಾ ಅಂತ. ಅವಳು ಅಡುಗೆ ಕೆಲಸಕ್ಕೆ ರಜಾ ಕೇಳುವುದು ಹೇಗೆ ಎಂದು ನನ್ನನ್ನು ಕೇಳಿದಳು. ಅರ್ಜಿ ನಾನೇ ಬರೆದುಕೊಟ್ಟೆ.

ಪರೀಕ್ಷೆಯ ಪ್ರತಿ ಕೇಂದ್ರಕ್ಕೂ ಒಬ್ಬ ತಾಪ ಅಧಿಕಾರಿ ಇರಬೇಕೆಂಬ ನಿಯಮ ಇದೆ. ಮುದಕಣಗಿಯ ಒಂಬತ್ತು ಮಕ್ಕಳಿಗೆ ಬಂದ ಕೇಂದ್ರ ನಗರದ ತಣ್ಣನ ಸಾಲಿ, ನನ್ನ ಮಗಳು ಓದುವ ಶಾಲೆಯೇ. ಅಲ್ಲಿಗೆ ನಾನೇ ಹಾಕಿಸಿಕೊಂಡೆ. ದೊಡ್ಡ ಹಾಲಿನಲ್ಲಿ ಮುನ್ನೂರು ಮಕ್ಕಳು. ಒಂಬತ್ತು ಜನ ಮೂರನೇ ಸಾಲಿನಲ್ಲಿ, ತಂಪಿನ ಯಂತ್ರದ ಗಾಳಿ ನೇರ ಬಡಿಯುವಲ್ಲಿ, ಇಸ್ತ್ರಿ ಮಾಡಿದ ತೆಳು ಹತ್ತಿಯ ಬಟ್ಟೆಯಲ್ಲಿ. ಮೊದಲ ದಿನ ಗಣಿತ. ಪ್ರಶ್ನೆಪತ್ರಿಕೆ ಹಂಚಿ ಹತ್ತು ನಿಮಿಷ ಆಗಿತ್ತು, ಎಲ್ಲರ ಪೆನ್ನೂ ಓಡುತ್ತಿತ್ತು, ತಾಯಮ್ಮನ ಪೆನ್ನು ಓಡುತ್ತಿರಲಿಲ್ಲ.

ಅವಳು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳ ಹಿಂದಿನ ಹುಡುಗನ ಹಲ್ಲು ಕಟಕಟ ಅನ್ನುತ್ತಿತ್ತು. ಒಂಬತ್ತು ಜನರ ತುಟಿಯೂ ಕಪ್ಪಿಟ್ಟಿತ್ತು. ಮೂವತ್ತಾರು ಮೂವತ್ತೇಳರಲ್ಲಿ ಓದಿ ಅಭ್ಯಾಸವಾದ ಮೈಗಳು ಇಪ್ಪತ್ತೆರಡು ಡಿಗ್ರಿಯಲ್ಲಿ ಮರಗಟ್ಟುತ್ತಿದ್ದವು. ಅಯ್ಯೋ ದೇವರೇ, ಇದು ನನಗೆ ಹೊಳೆಯಲೇ ಇಲ್ಲವಲ್ಲ! ನಮ್ಮ ನಿಯಮದ ಪುಸ್ತಕದಲ್ಲಿ ಮೇಲಿನ ಮಿತಿ ಇತ್ತು, ಕೆಳಗಿನ ಮಿತಿಯನ್ನು ಯಾರೂ ಬರೆದಿರಲಿಲ್ಲ. ಬಿಸಿಲನ್ನು ಗೆದ್ದು ಬಂದವರು ತಂಪಿನಲ್ಲಿ ಸೋಲುವುದನ್ನು ನಾನು ನಿಂತು ನೋಡುತ್ತಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ತಾಯಮ್ಮ ಎದ್ದು ನಿಂತಳು.

"ಕೂಡು! ಇನ್ನೂ ಒಂದು ತಾಸು ಹೊರಗ ಬಿಡಂಗಿಲ್ಲ," ಎಂದರು ಮೇಲ್ವಿಚಾರಕಿ.

"ಹೊರಗ ಹೋಗಂಗಿಲ್ರಿ. ನಾ ಬರೀಬೇಕು." ಅವಳ ದನಿ ನಡುಗುತ್ತಿತ್ತು, ಹೆದರಿಕೆಗೋ ಚಳಿಗೋ ಹೇಳುವುದು ಕಷ್ಟ. "ಬೆರಳು ಮಡಚವಲ್ವು. ಈ ಖೋಲಿ ಭಾಳ ಥಂಡಿ ಅದರಿ. ಸ್ವಲ್ಪ ಕಮ್ಮಿ ಮಾಡ್ರಿ."

ಹಾಲಿನಲ್ಲಿ ಅಲ್ಲಲ್ಲಿ ನಗು. ಹೊರಗೆ ನಲವತ್ತೈದು, ಒಳಗೆ ಥಂಡಿ ಅಂತಾಳೆ! ಮೇಲ್ವಿಚಾರಕಿ ಗದರಲು ಕೈಯೆತ್ತಿದರು. ಅಷ್ಟರಲ್ಲಿ ಕೊನೆಯ ಸಾಲಿನಿಂದ ಇನ್ನೊಂದು ದನಿ ಬಂತು. ಅದೇ ಶಾಲೆಯ ಹುಡುಗಿ, ಕುತ್ತಿಗೆಗೆ ರೇಷ್ಮೆಯ ಟೈ.

"ಮಿಸ್, ನಮಗೂ ಥಂಡಿನೇ ಆಗ್ತದ. ದಿನಾಲೂ."

"ಹೌದು ಮಿಸ್," ಎಂದ ಒಬ್ಬ ಹುಡುಗ. "ನಮ್ಮನ್ನ ಯಾರೂ ಕೇಳೇ ಇಲ್ಲ." ಆಮೇಲೆ ಹಾಲಿನ ತುಂಬ ಕೈಗಳು ಮೇಲೆದ್ದವು.

ಪ್ರಾಂಶುಪಾಲರು ಓಡಿ ಬಂದರು. ಇಪ್ಪತ್ತೆರಡು ಎಂದು ಯಾರು ಗೊತ್ತು ಮಾಡಿದ್ದು ಎಂದು ಕೇಳಿದೆ. ಅವರು ಯೋಚಿಸಿದರು, ಅವರಿಗೆ ಗೊತ್ತಿರಲಿಲ್ಲ. ಯಂತ್ರ ಕೂಡಿಸಿದವನು ಬಿಟ್ಟು ಹೋದ ಅಂಕಿ ಹಾಗೇ ಉಳಿದಿತ್ತಂತೆ. ಇಪ್ಪತ್ತೆಂಟಕ್ಕೆ ಏರಿಸಿ ಎಂದೆ. ಹಾಗೆ ಏರಿಸಿದರೆ ಅರ್ಧಕ್ಕರ್ಧ ವಿದ್ಯುತ್ತು ಮಿಗುತ್ತದೆ, ಅದನ್ನು ಏನು ಮಾಡುವುದು ಎಂದು ಅವರು ಗಾಬರಿಯಲ್ಲಿ ಕೇಳಿದರು. ನಾನು ನಿಯಂತ್ರಣ ಕೊಠಡಿಗೆ ಫೋನು ಹಚ್ಚಿದೆ. ಈ ತಂತಿಯಲ್ಲಿ ಮಿಕ್ಕ ವಿದ್ಯುತ್ತನ್ನು ಇವತ್ತು ಹಳ್ಳಿಯ ಶಾಲೆಗಳ ಕಡೆ ಬಿಡುವುದಕ್ಕೆ ಆಗುತ್ತದೆಯೇ ಎಂದೆ. ಘಾಳೆ ಸಾಹೇಬರು, "ಆದೇಶ ಎಲ್ಲದ?" ಎಂದರು. ಆಮೇಲೆ ತಾವೇ, "ಇರ್ಲಿ, ಕರೆಂಟಿನವರಿಗೆ ಹೇಳಿ ಬಿಡಸ್ತೀನಿ. ಆದೇಶ ಹಿಂದಿಂದ ಬರಲಿ," ಎಂದರು.

ಯಂತ್ರದ ಗೊರಗೊರ ಸಣ್ಣದಾಯಿತು. ಹದಿನೈದು ನಿಮಿಷದಲ್ಲಿ ಹಾಲ್ ಬೆಚ್ಚಗಾಯಿತು. ಕಳೆದ ಹೊತ್ತನ್ನು ಕೊನೆಗೆ ಸೇರಿಸಿ ಕೊಡುವುದಾಗಿ ಮೇಲ್ವಿಚಾರಕಿ ಎಲ್ಲರಿಗೂ ಹೇಳಿದರು. ತಾಯಮ್ಮ ಅಂಗೈ ಉಜ್ಜಿ, ಬಾಯಿಂದ ಬಿಸಿ ಉಸಿರು ಊದಿ, ಬೆರಳು ಮಡಚಿ ಬಿಚ್ಚಿ ನೋಡಿ, ಮೊದಲನೇ ಲೆಕ್ಕ ಬರೆಯಲು ಸುರು ಮಾಡಿದಳು.

ತಾಪ ಅಧಿಕಾರಿ ತುಂಬಬೇಕಾದ ನಮೂನೆಯಲ್ಲಿ, ಕೋಣೆಯ ತಾಪ ಬದಲಿಸಿದರೆ ಕಾರಣ ಬರೆಯಲು ಒಂದು ಖಾಲಿ ಜಾಗ ಇರುತ್ತದೆ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಆ ಜಾಗದಲ್ಲಿ ಬರೆದೆ: ಒಬ್ಬ ವಿದ್ಯಾರ್ಥಿನಿ ಕೇಳಿದಳು.